ತಂದೆ: ಶಬ್ದಾರ್ಥ ಮತ್ತು ಮಮಕಾರ

ಮಕ್ಕಳು ತಂದೆಗೆ ಸೇರಿದವರೋ, ತಂದೆಯು ಮಕ್ಕಳಿಗೆ ಸೇರಿದವನೋ? ಈ ಪ್ರಶ್ನೆಗೆ ಶಬ್ದಗಳಲ್ಲಿಯೇ ಒಂದು ಉತ್ತರ ಅಡಗಿದೆ.

ಜನ್ಮಕ್ಕೆ ಕಾರಣನಾದವನು ಜನಕ. ಪಿತೃ ಶಬ್ದವನ್ನು ಪ್ರಾಚೀನ ವೈಯಾಕರಣರು ರಕ್ಷಣಾರ್ಥಕವಾದ ‘ಪಾ’ ಧಾತುವಿನಿಂದ ಸಾಧಿಸಿದರು. ಅವರ ಮತದಲ್ಲಿ ಕಾಪಾಡುವವನೇ ಪಿತೃ. ಜನಕನಾಗಲು ದೇಹಸಂಬಂಧ ಸಾಕು. ಪಿತೃವಾಗಲು ಕರ್ತವ್ಯಪಾಲನೆ ಬೇಕು.

ಇನ್ನು ‘ತಂದೆ’ ದ್ರಾವಿಡ ಮೂಲದ ಶಬ್ದ. ‘ತಂದು ಸಾಕುವವನು ತಂದೆ’ ಎಂದು ಅರ್ಥೈಸುವುದುಂಟು. ಅದು ಕೇಳಲು ಹಿತವಾದರೂ ಶಬ್ದದ ಚರಿತ್ರೆ ಬೇರೆ. ಪ್ರಾಚೀನ ತಮಿಳಿನಲ್ಲಿ ‘ಎಂದೈ’ ಎಂದರೆ ನನ್ನ ತಂದೆ, ‘ನುಂದೈ’ ಎಂದರೆ ನಿನ್ನ ತಂದೆ, ‘ತಂದೈ’ ಎಂದರೆ ಅವನ ತಂದೆ. ಕನ್ನಡದ ‘ತಂದೆ’ ಈ ಮೂರನೆಯ ರೂಪಕ್ಕೆ ಸಮಾನವಾದುದು. ಅದರ ಆದಿಯಲ್ಲಿರುವುದು ‘ತನ್’, ಎಂದರೆ ‘ತನ್ನ’. ಇಲ್ಲಿ ‘ತನ್ನವನು’ ಎನ್ನುವ ಹಕ್ಕು ಮಗುವಿನದು, ತಂದೆಯದಲ್ಲ. ಶಬ್ದವು ಮಗುವಿಗೆ ಆಶ್ರಯವನ್ನು ಕೊಡುತ್ತದೆಯೇ ಹೊರತು ತಂದೆಗೆ ಒಡೆತನವನ್ನು ಕೊಡುವುದಿಲ್ಲ.

ಆದರೆ ಮೋಹವು ಈ ಸಂಬಂಧವನ್ನು ತಿರುಗಿಸುತ್ತದೆ. ತತ್ತ್ವಾರ್ಥಸೂತ್ರವು ವಸ್ತುವಿಗಿಂತ ಮಿಗಿಲಾಗಿ ಮೂರ್ಛೆಯನ್ನೇ ಪರಿಗ್ರಹವೆಂದು ಹೇಳುತ್ತದೆ. ಹೊಲ, ಮನೆ, ಬಂಗಾರಗಳಿಗೆ ಪರಿಮಾಣವನ್ನು ಕಟ್ಟಿಕೊಂಡ ಶ್ರಾವಕನೂ ‘ನನ್ನ ಮಗ’ ಎಂಬ ಅಭಿಮಾನಕ್ಕೆ ಎಲ್ಲೆ ಹಾಕಿಕೊಳ್ಳಲು ಮರೆಯಬಹುದು.

ಕ್ರಿ.ಶ. 941ರಲ್ಲಿ ಪಂಪನು ಕನ್ನಡಿಸಿದ ಆದಿಪುರಾಣದ ಕಥೆಯು ಇದಕ್ಕೆ ದಾರಿದೀಪವಾಗಿದೆ. ವೃಷಭನಾಥನು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಗಳನ್ನೂ ಕಲಿಸಿದನು. ಪುತ್ರರಿಗೆ ರಾಜ್ಯಗಳನ್ನು ಹಂಚಿ ದೀಕ್ಷೆ ವಹಿಸಿದನು. ಮುಂದೆ ಭರತನ ಅಧೀನರಾಗಲೊಪ್ಪದ ಸೋದರರು ತಂದೆಯ ಬಳಿಗೆ ಹೋದರು. ಅವನು ಒಬ್ಬ ಮಗನ ಪಕ್ಷವನ್ನು ಹಿಡಿದು ಇನ್ನೊಬ್ಬನ ಮೇಲೆ ಹಗೆಯನ್ನು ಬೆಳೆಸಲಿಲ್ಲ. ಕಲಹದ ಮೂಲವಾದ ರಾಜ್ಯಮೋಹವನ್ನೇ ಬಿಡುವ ಮಾರ್ಗವನ್ನು ತೋರಿದನು. ‘ನನ್ನವರು’ ಎಂಬ ಭಾವವನ್ನು ತೊರೆದ ಮೇಲೂ ಕಾಪಾಡುವ ಕಾರ್ಯ ನಿಲ್ಲಲಿಲ್ಲ.

ದಶಲಕ್ಷಣ ಪರ್ವದಲ್ಲಿ ಎಳೆಯ ಮಗುವೊಂದು ಉಪವಾಸ ಮಾಡಿದಾಗ ತಂದೆಗೆ ಸಂತೋಷವಾಗುವುದು ಸಹಜ. ಆ ಉಪವಾಸವು ಮಗುವಿನ ಸಂಕಲ್ಪದಿಂದ ಹುಟ್ಟಿತೋ, ಬಸದಿಯಲ್ಲಿ ನಾಲ್ಕು ಜನರ ಹೊಗಳಿಕೆಗಾಗಿ ತಂದೆಯೇ ಹೊರಿಸಿದನೋ ಎಂಬುದನ್ನು ವಿವೇಕಿಯು ವಿಚಾರಿಸಬೇಕು. ಹೊರಿಸಿದ ಹಸಿವು ವ್ರತವಾಗಲಾರದು. ಅದರಲ್ಲಿ ಮಗುವಿಗೆ ನೋವು, ತಂದೆಗೆ ಮಾನಕಷಾಯ. ಬಳಲಿದ ಮಗುವಿಗೆ ‘ಸಾಕು, ಊಟ ಮಾಡು’ ಎಂದು ಹೇಳಬಲ್ಲವನೂ, ದೃಢಮನಸ್ಸಿನಿಂದ ಬೆಳೆದ ಮಗನು ವ್ರತವನ್ನು ಬೇಡಿದಾಗ ಅಡ್ಡ ನಿಲ್ಲದವನೂ ಪಿತೃ ಶಬ್ದಕ್ಕೆ ಅರ್ಹನು. ಅಂಥವನನ್ನೇ ಮಕ್ಕಳು ಮನಃಪೂರ್ವಕವಾಗಿ ‘ತನ್ನವನು’ ಎನ್ನುವರು.