ಹಂಗಿಲ್ಲದ ಪ್ರಯಾಣ

ಯಾರ ಹಂಗೂ ಇಲ್ಲದೆ ಬಾಳಬೇಕೆಂಬುದು ನಮ್ಮ ಜನ ಬಹುಕಾಲದಿಂದ ಮೆಚ್ಚಿಕೊಂಡು ಬಂದಿರುವ ಆದರ್ಶ. 'ಹಂಗು' ಎಂಬ ಪುಟ್ಟ ಮಾತಿನಲ್ಲಿ ಸಾಲವೂ ಇದೆ, ಉಪಕಾರವೂ ಇದೆ, ಉಪಕಾರ ಪಡೆದವನು ತಗ್ಗಿಸಬೇಕಾದ ತಲೆಯೂ ಇದೆ. ಮಹಾಭಾರತದ ಯಕ್ಷನು ಸುಖಿ ಯಾರೆಂದು ಕೇಳಿದಾಗ ಧರ್ಮರಾಯನು ಕೊಟ್ಟ ಉತ್ತರದ ಸಾರವೂ ಇದೇ: ಸಾಲ ಮಾಡದೆ, ಪರಸ್ಥಳ ಸೇರದೆ, ತನ್ನ ಮನೆಯಲ್ಲಿ ಬರಿಯ ಸೊಪ್ಪನ್ನಾದರೂ ಬೇಯಿಸಿಕೊಂಡು ಉಣ್ಣುವವನು ಸುಖಿ. ವನವಾಸದ ಹನ್ನೆರಡು ವರ್ಷಗಳನ್ನು ಸವೆಸಿದವನ ಬಾಯಿಂದ ಈ ಮಾತು ಬಂದದ್ದು ಸಹಜವೆ. ಆದರೆ ಸಾಲವಿಲ್ಲದಿರುವುದನ್ನೂ ಪ್ರವಾಸವಿಲ್ಲದಿರುವುದನ್ನೂ ಅವನು ಜೊತೆಜೊತೆಗೆ ಹೇಳಿದ್ದಾನೆ. ಮನೆ ಬಿಟ್ಟು ಹೊರಟವನು ಯಾರಿಗಾದರೂ ಋಣಿಯಾಗದೆ ಇರಲಾರನೆಂಬ ತಿಳಿವಳಿಕೆ ಅದರಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ.

ಈ ತಿಳಿವಳಿಕೆಯನ್ನು ಸುಳ್ಳು ಮಾಡುವುದಕ್ಕೆಂದೇ ಹುಟ್ಟಿದ ವಾಹನವೊಂದು ಈಗ ನಮ್ಮ ರಸ್ತೆಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಣುತ್ತಿದೆ. ಅದರ ಹೆಸರು ಕ್ಯಾಂಪರ್ ವ್ಯಾನ್; ನಮ್ಮ ಮನೆಯಲ್ಲಿ ಅದಕ್ಕೆ ಮನೆಬಂಡಿ ಎಂದು ಹೆಸರಾಗಿದೆ. ಮಲಗಲು ಹಲಗೆ, ಅಡುಗೆಗೆ ಒಲೆ, ದೀಪಕ್ಕೆ ಬ್ಯಾಟರಿ, ನೀರಿಗೆ ತೊಟ್ಟಿ, ಎಲ್ಲವೂ ಒಳಗೇ ಉಂಟು. ಪ್ರವಾಸದಲ್ಲಿದ್ದೂ ಮನೆಯಲ್ಲಿರಬಹುದು, ಎಲ್ಲಿ ಬೇಕೆಂದರಲ್ಲಿ ನಿಲ್ಲಿಸಿ ತನ್ನ ಸೊಪ್ಪನ್ನು ತಾನೇ ಬೇಯಿಸಿಕೊಳ್ಳಬಹುದು. ಹೋಟೆಲಿನವನ ಹಂಗಿಲ್ಲ, ನೆಂಟರ ಹಂಗಿಲ್ಲ. ಯಕ್ಷನ ಪ್ರಶ್ನೆಗೆ ಯಂತ್ರಯುಗವು ಕೊಟ್ಟ ಉತ್ತರವೆಂದೇ ಇದನ್ನು ಕರೆಯಬಹುದು. ಈ ಉತ್ತರ ಎಷ್ಟರಮಟ್ಟಿಗೆ ನಿಜ ಎಂಬುದೇ ನನ್ನ ಪ್ರಶ್ನೆ.

ವಿನೋದಕ್ಕಾಗಿ ಇಂಥ ಬಂಡಿಯನ್ನು ಕಟ್ಟಿಸಿದ ಮೊದಲಿಗರಲ್ಲಿ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬಾತ ಪ್ರಸಿದ್ಧ. ಬ್ರಿಟಿಷ್ ನೌಕಾದಳದಲ್ಲಿ ವೈದ್ಯನಾಗಿದ್ದವನು. 1885ರಲ್ಲಿ 'ವಾಂಡರರ್' ಎಂಬ ಹೆಸರಿನ ಮನೆಬಂಡಿಯಲ್ಲಿ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ಹೋಗಿ, ಮರುವರ್ಷ ಅದರ ಕಥೆಯನ್ನು ಪುಸ್ತಕ ಮಾಡಿದ. ಸ್ವತಂತ್ರ ಜೀವಿಯ ಸಂಚಾರವೆಂದು ಜನ ಅದನ್ನು ಬೆರಗಿನಿಂದ ಓದಿದರು. ಆದರೆ ಆ ಸ್ವಾತಂತ್ರ್ಯಕ್ಕೆ ಎರಡು ಕುದುರೆಗಳು ಬೇಕಾದವು, ಒಬ್ಬ ಸಾರಥಿ ಬೇಕಾದ, ಮೂರು ಗಾಲಿಯ ಸೈಕಲ್ಲಿನ ಮೇಲೆ ಮುಂದೆ ಮುಂದೆ ಹೋಗಿ ದಾರಿ ಬಿಡಿಸಲು ಒಬ್ಬ ಸೇವಕ ಬೇಕಾದ. ಕುದುರೆಗಳ ಮೇವು, ನೀರು ದಾರಿಯ ಊರುಗಳಿಂದಲೇ ಬರಬೇಕಾಗಿತ್ತು. ಹಂಗು ಇರಲಿಲ್ಲವೆಂದಲ್ಲ; ಬಂಡಿಯೊಳಗೆ ಕುಳಿತವನಿಗೆ ಅದು ಭಾರವಾಗಿ ಕಾಣುತ್ತಿರಲಿಲ್ಲ, ಅಷ್ಟೆ.

ನಮ್ಮ ಬಂಡಿಗೆ ಕುದುರೆಯಿಲ್ಲ, ಸೇವಕನಿಲ್ಲ. ಅದು ರಾಜಾಜಿನಗರದ ಸಾರಿಗೆ ಕಚೇರಿಯ ಕೆಎ 02 ಅಂಕವನ್ನು ಹೊತ್ತ ಒಂದು ಹಳೆಯ ಟೆಂಪೊ ಟ್ರಾವೆಲರ್. ಅದನ್ನು ಮನೆಯಾಗಿ ಮಾಡಿದವರು ಆ ಬಡಾವಣೆಯ ಒಬ್ಬ ನಿವೃತ್ತ ಎಂಜಿನಿಯರು. ಮಂಡಿ ನೋವು ಹೆಚ್ಚಾಗಿ ಓಡಿಸಲಾರದೆ ನಮಗೆ ಮಾರಿದರು. ಬಂಡಿಯನ್ನು ತರಲು ನಾನೂ ನನ್ನ ಹೆಂಡತಿಯೂ ಹೋದಾಗ ಅವರು ಕೀಲಿಕೈಯ ಜೊತೆಗೆ ಒಂದು ನೋಟುಬುಕ್ಕನ್ನೂ ಕೊಟ್ಟರು. ಯಾವ ಬಾಗಿಲು ಮಳೆಗಾಲದಲ್ಲಿ ಬಿಗಿಯುತ್ತದೆ, ಯಾವ ತಿರುಪನ್ನು ತಿಂಗಳಿಗೊಮ್ಮೆ ಬಿಗಿ ಮಾಡಬೇಕು, ಒಂದು ದಿನಕ್ಕೆ ಎಷ್ಟು ನೀರು ಸಾಕು, ಎಲ್ಲವೂ ಅದರಲ್ಲಿ ಬರೆದಿತ್ತು. ಕೀಲಿಕೈ ನನ್ನ ಅಂಗೈಗೆ ಬಂದ ಮೇಲೂ ಅವರು ಒಂದು ನಿಮಿಷ ಅದರ ಮೇಲಿನ ಕೈ ತೆಗೆಯಲಿಲ್ಲ. "ಮೇಷ್ಟ್ರೇ, ಗಾಡಿ ನಿಮ್ಮದು. ಆದ್ರೆ ಕಾಗದ ನಿಮ್ಮ ಹೆಸರಿಗೆ ಆಗೋವರೆಗೆ ನಿಮ್ಮ ಕೈಯಲ್ಲಿರೋದು ನನ್ನ ಹೆಸರು" ಎಂದರು.

ಇದು ಬರಿಯ ಚಮತ್ಕಾರದ ಮಾತಲ್ಲ. ಕಾನೂನೂ ಹೀಗೆಯೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ, ಬಂಡಿ ಅದೇ ರಾಜ್ಯದೊಳಗೆ ಉಳಿಯುವುದಾದರೆ, ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಕಚೇರಿಗೆ ತಿಳಿಸಬೇಕು. 29, 30 ಎಂಬ ಅಂಕಗಳ ಎರಡು ನಮೂನೆಗಳು ಈ ಕೆಲಸಕ್ಕೆ. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ನವೀನ್ ಕುಮಾರ್ ಅವರ ಪ್ರಕರಣದಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿತು: ವಾಹನ ಎಷ್ಟು ಕೈ ಬದಲಾಯಿಸಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅದರ ಒಡೆಯರು, ಅಪಘಾತವಾದರೆ ಪರಿಹಾರದ ಹೊಣೆಯೂ ಅವರದೇ. ಎಂದರೆ, ನಾನು ಎಲ್ಲಿಯೋ ಅಜಾಗರೂಕನಾಗಿ ಒಬ್ಬರನ್ನು ಕೆಡವಿದರೆ, ರಾಜಾಜಿನಗರದ ತಮ್ಮ ಮನೆಯಲ್ಲಿ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತ ವೃದ್ಧರು ನ್ಯಾಯಾಲಯಕ್ಕೆ ಹೋಗಬೇಕು. ಹಣ ಪೂರ್ತಿಯಾಗಿ ಕೊಟ್ಟಾಗಿತ್ತು. ಲೋಕದ ಲೆಕ್ಕದಲ್ಲಿ ನಾವು ಅವರಿಗೆ ಒಂದು ಕಾಸೂ ಬಾಕಿಯಿರಲಿಲ್ಲ. ಆದರೂ ಕಾಗದ ಬರುವವರೆಗೆ ಬಂಡಿಯನ್ನು ಮನೆಯ ಮುಂದಿನಿಂದ ಕದಲಿಸಬಾರದೆಂದು ನಾವಿಬ್ಬರೂ ನಿಶ್ಚಯಿಸಿದೆವು. ಹಣದಿಂದ ತೀರುವ ಋಣ ಬೇರೆ, ತೀರದ ಋಣ ಬೇರೆ ಎಂಬುದು ಆ ವಾರಗಳಲ್ಲಿ ನನಗೆ ಮನದಟ್ಟಾಯಿತು.

ಕಾಗದ ಬಂದ ಮೇಲೆ ಒಂದು ಶನಿವಾರ ವಿಜಯನಗರದಿಂದ ಹೊರಟೆವು. ದೂರವೇನೂ ಇಲ್ಲ, ಕೆಂಗೇರಿ ದಾಟಿ, ಬಲಕ್ಕೆ ಹೊರಳಿ, ರಾಮೋಹಳ್ಳಿಯ ಮೇಲೆ ಕೇತೋಹಳ್ಳಿಯ ದೊಡ್ಡ ಆಲದ ಮರ. ಅಲ್ಲಿಂದ ಸ್ವಲ್ಪ ಮುಂದೆ ನಮ್ಮ ಕಾಲೇಜಿನ ಗುಮಾಸ್ತರೊಬ್ಬರ ಬಂಧುಗಳ ತೆಂಗಿನ ತೋಟ. ಆ ತೋಟದ ಅಂಚಿನಲ್ಲಿ ಒಂದು ರಾತ್ರಿ ಬಂಡಿ ನಿಲ್ಲಿಸಿಕೊಳ್ಳಲು ಕೇಳಿಕೊಂಡಿದ್ದೆವು. ಎಲ್ಲಿ ಬೇಕೆಂದರಲ್ಲಿ ನಿಲ್ಲುವ ಸ್ವಾತಂತ್ರ್ಯ ಪುಸ್ತಕದ ಮಾತು. ನೆಲವೆಲ್ಲ ಯಾರದೋ ಒಬ್ಬರದು, ಇಲ್ಲವೆ ಸರ್ಕಾರದ್ದು. ನಿಲ್ಲುವುದಕ್ಕೆ ಮೊದಲು ಕೇಳಬೇಕು. ಕೇಳಿದೊಡನೆ ಹಂಗು ಮೊದಲಾಯಿತು.

ಆಲದ ಮರವನ್ನು ನೋಡಲು ಹೋದವರು ಇದರ ಮೂಲ ಕಾಂಡ ಯಾವುದೆಂದು ಕೇಳುವುದು ವಾಡಿಕೆ. ನಮ್ಮ ಮಗಳೂ ಕೇಳಿದಳು. ಸುಮಾರು ನಾನೂರು ವರ್ಷಗಳದೆಂದು ಹೇಳುವ, ಮೂರು ಎಕರೆಯಷ್ಟು ಹಬ್ಬಿರುವ ಆ ಮರದ ಮೂಲ ಕಾಂಡ ರೋಗದಿಂದ ಹೋಯಿತು. ಈಗ ನಿಂತಿರುವುದೆಲ್ಲ ಬಿಳಲುಗಳ ಆಧಾರದ ಮೇಲೆ. ಒಂದು ಕಾಲದಲ್ಲಿ ಮರಕ್ಕೆ ಜೋತುಬಿದ್ದಿದ್ದವು ಈಗ ಮರವನ್ನೇ ಹೊತ್ತಿವೆ. ಹಂಗಿನಲ್ಲಿ ಬೆಳೆಯುವುದೆಲ್ಲ ಕುಬ್ಜವಾಗುತ್ತದೆಂಬ ನಂಬಿಕೆಗೆ ಇದು ಒಂದು ಪ್ರತ್ಯುತ್ತರವೆನ್ನಬಹುದು.

ತೋಟದಲ್ಲಿ ಬಂಡಿ ನಿಲ್ಲಿಸಿದಾಗ ಆ ಮನೆಯ ಅಜ್ಜಿ ಬಂದು ಒಳಗೆಲ್ಲ ಇಣುಕಿ ನೋಡಿದರು. ಒಲೆ, ಹಾಸಿಗೆ, ಪಾತ್ರೆ, ನೀರು ಎಲ್ಲವನ್ನೂ ನನ್ನ ಹೆಂಡತಿ ತೋರಿಸಿ, "ಏನೂ ತೊಂದರೆ ತಗೋಬೇಡಿ ಅಜ್ಜಿ, ಎಲ್ಲಾ ತಂದಿದೀವಿ" ಎಂದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಾ ತಂದಿದೀರಿ, ಸರಿ ಕಣವ್ವ. ನಮ್ಮನೆ ಮಜ್ಜಿಗೆ ತಂದಿದೀರಾ?" ಎಂದು ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮಜ್ಜಿಗೆ ಬಂದಿತು, ಕುಡಿದೆವು.

ಸಂಜೆಗೆ ಇನ್ನೊಂದು ಪ್ರಶ್ನೆ ಎದ್ದಿತು. ಬಂಡಿಯಲ್ಲಿ 60 ಲೀಟರಿನ ಒಂದು ಒಳ್ಳೆಯ ನೀರಿನ ತೊಟ್ಟಿಯಿದೆ. ಅದರ ಕೆಳಗೆ, ಅಷ್ಟೇ ದೊಡ್ಡದು, ಬಳಸಿದ ನೀರಿನ ತೊಟ್ಟಿ. ಮೇಲಿನದು ಎಷ್ಟು ಇಳಿಯುತ್ತದೆಯೋ ಕೆಳಗಿನದು ಹೆಚ್ಚುಕಡಮೆ ಅಷ್ಟು ಏರುತ್ತದೆ. ಇದು ಮಗುವಿಗೂ ತಿಳಿಯುವ ಗಣಿತ. ಆದರೆ ಮನೆಯಲ್ಲಿ ಇಷ್ಟು ವರ್ಷ ಬಚ್ಚಲಿನ ತೂತಿನೊಳಗೆ ಹೋದ ನೀರು ಎಲ್ಲಿಗೆ ಹೋಯಿತೆಂದು ಲೆಕ್ಕ ಇಟ್ಟವರು ಯಾರು? ಬಂಡಿಯಲ್ಲಿ ಹಾಗಲ್ಲ. ತೊಳೆದ ನೀರು ನಮ್ಮ ಜೊತೆಗೇ ಇರುತ್ತದೆ. ಒಂದು ತಟ್ಟೆ ತೊಳೆಯಲು ಎರಡು ಲೋಟ ನೀರು ಸಾಕೆಂದು ಮಗಳು ಕಂಡುಹಿಡಿದದ್ದು ಹೀಗೆ. ಕೆಳಗಿನ ತೊಟ್ಟಿ ತುಂಬುತ್ತ ಬಂದಾಗ ಅದನ್ನು ಎಲ್ಲಿ ಸುರಿಯುವುದು? ಕತ್ತಲೆಯಾದ ಮೇಲೆ ರಸ್ತೆಯ ಚರಂಡಿಗೆ ಬಿಟ್ಟರೆ ಕೇಳುವವರಿಲ್ಲ. ಕೇಳುವವರಿಲ್ಲವೆಂಬುದು ಮಾಡುವುದಕ್ಕೆ ಸಾಕಾದ ಕಾರಣವೆ? ಧರ್ಮದ ಪ್ರಶ್ನೆ ಬಹುಮಟ್ಟಿಗೆ ಇಂಥ ಸಣ್ಣ ವೇಷಗಳಲ್ಲೇ ಬರುತ್ತದೆ.

ತೋಟದ ಯಜಮಾನರನ್ನೇ ಕೇಳಿದೆವು. "ಸೋಪು ಜಾಸ್ತಿ ಹಾಕಿಲ್ಲ ತಾನೆ? ಬಾವಿ ಕಡೆ ಬೇಡಿ, ಆ ಬಾಳೆ ಗುಂಪಿಗೆ ಹಾಕಿ" ಎಂದರು. ಬಚ್ಚಲ ನೀರು ಬಾಳೆಗೆ, ಮುಸುರೆ ದನಕ್ಕೆ, ಬೂದಿ ಗಿಡದ ಬುಡಕ್ಕೆ: ನಮ್ಮ ಹಳ್ಳಿಯ ಮನೆಗಳಲ್ಲಿ ಇದೊಂದು ಧರ್ಮಶಾಸ್ತ್ರವೆಂದು ಯಾರೂ ಬರೆದಿಡಲಿಲ್ಲ. ಹೊರಗೆ ಹೋದದ್ದು ಎಲ್ಲಿ ಹೋಗಿ ನಿಲ್ಲುತ್ತದೆಂಬುದು ಮಾತ್ರ ಅಲ್ಲಿ ಎಲ್ಲರಿಗೂ ಗೊತ್ತಿತ್ತು.

ಮರುದಿನ ಮೈಸೂರು ರಸ್ತೆಯಲ್ಲಿ ಹಿಂದಿರುಗುವಾಗ ವೃಷಭಾವತಿ ಜೊತೆಗಿತ್ತು. ಕಾಣುವುದಕ್ಕೆ ಮುಂಚೆಯೇ ವಾಸನೆಯಿಂದ ಗೊತ್ತಾಗುವ ನದಿ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತೆಂದು ಐತಿಹ್ಯವಿರುವ ಈ ಹೊಳೆ ಇಂದು ನಗರದ ಪಶ್ಚಿಮ ಭಾಗದ ಕೊಳೆಯನ್ನು ಹೊತ್ತು ಕೆಂಗೇರಿಯ ಮೇಲೆ ಹಾದು ಬೈರಮಂಗಲದ ಕೆರೆಗೆ ಹೋಗುತ್ತದೆ, ಮುಂದೆ ಅರ್ಕಾವತಿಯನ್ನು ಸೇರಿ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ನಮ್ಮ ನಲ್ಲಿಗೆ ಬರುವ ನೀರೂ ಕಾವೇರಿಯದೇ. 1974ರಿಂದ, ತೊರೆಕಾಡನಹಳ್ಳಿಯ ಕಡೆಯಿಂದ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಮೂರು ಹಂತಗಳಲ್ಲಿ ಪಂಪು ಮಾಡಿ ಅದನ್ನು ತರುತ್ತಾರೆ. ಮೇಲಿನ ತೊಟ್ಟಿ, ಕೆಳಗಿನ ತೊಟ್ಟಿ: ಊರೂ ಒಂದು ದೊಡ್ಡ ಬಂಡಿಯೇ. ಆದರೆ ಸಂಗಮವು ನಾವು ನೀರು ಎತ್ತಿಕೊಳ್ಳುವ ಜಾಗಕ್ಕಿಂತ ಕೆಳಗಿದೆ. ನಾವು ಬಿಟ್ಟದ್ದನ್ನು ನಾವು ಕುಡಿಯಬೇಕಾಗಿಲ್ಲ. ನಡುವೆ ಶುದ್ಧೀಕರಣದ ಸ್ಥಾವರಗಳು ಇವೆ, ನಿಜ. ಅವು ಮಾಡುವಷ್ಟು ಮಾಡುತ್ತವೆ. ಮಿಕ್ಕದ್ದನ್ನು ಬೈರಮಂಗಲದ ರೈತ ತನ್ನ ಗದ್ದೆಗೆ ಹಾಯಿಸಿಕೊಳ್ಳುತ್ತಾನೆ. ನಾನು ಅವನ ಹೆಸರನ್ನು ಕೇಳಿಲ್ಲ, ಅವನು ನನ್ನದನ್ನು ಕೇಳಿಲ್ಲ. ಆದರೂ ನನ್ನ ಮನೆಯ ಸ್ವಚ್ಛತೆ ಅವನ ಹಂಗಿನಲ್ಲಿದೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ಹಂಗನ್ನು ಹೀಗೆ ಹೊಗಳುವುದು ಮಜ್ಜಿಗೆ ಸಿಕ್ಕವರಿಗೆ ಸುಲಭ. ಸಿಕ್ಕದವರ ಗತಿಯೇನು? 1901ರಲ್ಲಿ ಬಾಲಕ ಅಂಬೇಡ್ಕರ್ ತಮ್ಮ ಅಣ್ಣ ಮತ್ತು ಇತರ ಮಕ್ಕಳೊಂದಿಗೆ ತಂದೆಯಿದ್ದ ಊರಿಗೆ ಹೋಗಲು ಮಸೂರ್ ರೈಲು ನಿಲ್ದಾಣದಲ್ಲಿ ಇಳಿದಾಗ, ಅವರ ಜಾತಿ ತಿಳಿದ ಮೇಲೆ ಯಾವ ಗಾಡಿಯವನೂ ಕೂರಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ತಾವೇ ಹೊಡೆದುಕೊಳ್ಳುವ ಕರಾರಿನ ಮೇಲೆ ಹೊರಟರು. ಬುತ್ತಿಯ ತುಂಬ ಊಟವಿತ್ತು. ಆದರೆ ಆ ರಾತ್ರಿ ಒಂದು ತೊಟ್ಟು ಕುಡಿಯುವ ನೀರು ಹುಟ್ಟಲಿಲ್ಲ. ಅವರೇ ಬರೆದಿಟ್ಟ ಅನುಭವ ಇದು. ಆ ಮಕ್ಕಳ ಬಳಿ ಒಂದು ನೀರಿನ ತೊಟ್ಟಿಯಿದ್ದ ಬಂಡಿ ಇದ್ದಿದ್ದರೆ ಎಂದು ಯೋಚಿಸಿದಾಗ, ಯಾರ ಹಂಗೂ ಬೇಡವೆಂಬ ಮಾತಿಗೆ ಇನ್ನೊಂದು ಅರ್ಥ ಬರುತ್ತದೆ. ಅದು ಅಹಂಕಾರದ ಮಾತಲ್ಲ, ಮಾನದ ಮಾತು. ನಮ್ಮ ಛತ್ರಗಳ, ಅರವಟ್ಟಿಗೆಗಳ ಔದಾರ್ಯವನ್ನು ನೆನೆಯುವಾಗ ಅವುಗಳ ಬಾಗಿಲಲ್ಲಿ ನಿಂತು 'ನೀವು ಯಾವ ಜನ?' ಎಂದು ಕೇಳಿದ ಪ್ರಶ್ನೆಯನ್ನೂ ನೆನೆಯಬೇಕು. ಆ ಪ್ರಶ್ನೆ ಇಂದು ಎಲ್ಲೆಡೆ ನಿಂತಿದೆಯೆಂದು ಹೇಳುವ ಧೈರ್ಯ ನನಗಿಲ್ಲ.

ಆದ್ದರಿಂದ ಹಂಗಿನಲ್ಲಿ ಎರಡು ಬಗೆಯನ್ನು ಗುರುತಿಸಬೇಕಾಗುತ್ತದೆ. ಕೊಡುವವನು ಎತ್ತರದಲ್ಲಿ ನಿಂತು, ಪಡೆಯುವವನು ಬಾಗುವಂತೆ ಮಾಡುವ ಹಂಗು ಒಂದು. ಅದನ್ನು ಕಿತ್ತೊಗೆಯಬೇಕೆಂದವರು ಸರಿಯಾಗಿಯೇ ಹೇಳಿದರು. ಎಲ್ಲರೂ ಎಲ್ಲರಿಂದ ಪಡೆಯುತ್ತಿರುವುದರಿಂದ ಯಾರೂ ಎತ್ತರದಲ್ಲಿ ನಿಲ್ಲಲಾರದ ಹಂಗು ಇನ್ನೊಂದು. ಇದನ್ನು ಕಿತ್ತೊಗೆಯುವುದು ಸಾಧ್ಯವಿಲ್ಲ. ಮರೆಯುವುದು ಮಾತ್ರ ಸಾಧ್ಯ. ಮರೆವಿಗೆ ಸಹಾಯವಾಗಿ ಹಣವಿದೆ, ಗೋಡೆಯಿದೆ, ನೆಲದೊಳಗಿನ ಕೊಳವೆಯಿದೆ.

ಮನುಷ್ಯನು ಹುಟ್ಟುವಾಗಲೇ ಋಣಿಯೆಂದು ನಮ್ಮ ಹಿಂದಿನವರು ಎಣಿಸಿದ್ದರು. ದೇವಋಣ, ಋಷಿಋಣ, ಪಿತೃಋಣ ಎಂಬ ಮೂರು ಎಲ್ಲರಿಗೂ ತಿಳಿದವು. ಶತಪಥ ಬ್ರಾಹ್ಮಣವು ಇವಕ್ಕೆ ನಾಲ್ಕನೆಯದೊಂದನ್ನು ಸೇರಿಸುತ್ತದೆ: ಮನುಷ್ಯಋಣ. ಅದನ್ನು ತೀರಿಸುವ ಬಗೆಯೆಂದು ಹೇಳಿರುವುದು ಮನುಷ್ಯರಿಗೆ ಇರಲು ಎಡೆ, ಉಣ್ಣಲು ಅನ್ನ ಕೊಡುವುದನ್ನು. ಪಡೆದದ್ದು ಯಾರಿಂದಲೋ, ಕೊಡುವುದು ಇನ್ನಾರಿಗೋ. ಆದರೂ ಲೆಕ್ಕ ಸರಿಹೋಗುತ್ತದೆ. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಕಟ್ಟಿಸಿ 1903ರಲ್ಲಿ ತೆರೆದ ಛತ್ರದಲ್ಲಿ ತಂಗಿದ ಸಾವಿರಾರು ಜನ ಅವರಿಗೆ ಏನನ್ನು ಹಿಂದಿರುಗಿಸಿರಲು ಸಾಧ್ಯ? ಮುಂದಿನವರಿಗೆ ಕೊಟ್ಟರೆ ಹಿಂದಿನವರದು ತೀರುತ್ತದೆಂಬ ಈ ವಿಚಾರದಲ್ಲಿ ಬಾಗುವ ತಲೆಗೆ ಎಡೆಯಿಲ್ಲ, ಮರೆಯುವ ಮನಸ್ಸಿಗೂ ಎಡೆಯಿಲ್ಲ.

ಈ ದೃಷ್ಟಿಯಿಂದ ನೋಡಿದರೆ ಮನೆಬಂಡಿ ಕೆಟ್ಟ ಗುರುವಲ್ಲ. ಅದು ನಮ್ಮನ್ನು ಹಂಗಿನಿಂದ ಬಿಡಿಸುತ್ತದೆಂದು ಹೇಳುವುದು ವ್ಯಾಪಾರದ ಮಾತು. ಅದು ಮಾಡುವುದು ಇದಕ್ಕೆ ವಿರುದ್ಧವಾದ ಕೆಲಸ: ಮನೆಯ ಗೋಡೆ ಮರೆಮಾಡಿದ್ದ ಲೆಕ್ಕವನ್ನು ಮೊಣಕಾಲಿನ ಹತ್ತಿರ ತಂದು ಇಡುತ್ತದೆ. ಎಂಜಿನಿಯರರ ನೋಟುಬುಕ್ಕಿನಲ್ಲಿ ಖಾಲಿ ಹಾಳೆಗಳು ಇನ್ನೂ ಇದ್ದವು. ತೊಟ್ಟಿಯ ನೀರನ್ನು ಬಾವಿಯಿಂದ ದೂರ, ಬಾಳೆಯ ಬುಡಕ್ಕೆ, ಯಜಮಾನರನ್ನು ಕೇಳಿ ಹಾಕಬೇಕೆಂದು ನನ್ನ ಹೆಂಡತಿ ಅದರಲ್ಲಿ ಬರೆದಿದ್ದಾಳೆ. ನಾಳೆ ನಮ್ಮ ಮಂಡಿಗಳೂ ನೋಯುತ್ತವೆ. ಬಂಡಿ ಇನ್ನೊಬ್ಬರ ಕೈಗೆ ಹೋಗುತ್ತದೆ. ಅವರು ನಮಗೆ ಹಣ ಕೊಡುತ್ತಾರೆ, ಕಾಗದ ಅವರ ಹೆಸರಿಗೆ ಆಗುತ್ತದೆ. ಆ ಸಾಲನ್ನು ಅವರು ಓದಿದರೆ ಸಾಕು.