ಇಟ್ಟಿದ್ದೆಲ್ಲ ಉಳಿದೀತೆ?

ಈ ಸಲ ಯುಗಾದಿಗೆ ಮನೆಗೆ ಸುಣ್ಣ ಹಚ್ಚುವಾಗ ಅಟ್ಟದ ಮೂಲೆಯಿಂದ ಒಂದು ಗೋಣಿಚೀಲ ಕೆಳಗಿಳಿಯಿತು. ಬಿಚ್ಚಿ ನೋಡಿದರೆ ಸುಗಂಧರಾಜದ ಗಡ್ಡೆಗಳು. ನಮ್ಮ ಮಕ್ತಲ್ ಸಂತೆಯಲ್ಲಿ ಹೂ ಮಾರುವವರು ಇದಕ್ಕೆ ಲಿಲ್ಲಿ ಹೂ ಅಂತಾರೆ. ಎರಡು ವರ್ಷದ ಹಿಂದೆ ಎಲೆ ಹಳದಿಯಾದ ಮೇಲೆ ನಾನೇ ಅಗೆದು, ಮಣ್ಣು ಝಾಡಿಸಿ, ಬರುವ ವರ್ಷ ಹಚ್ಚಿದರಾಯಿತು ಎಂದು ಕಟ್ಟಿಟ್ಟಿದ್ದೆ. ಬರುವ ವರ್ಷ ಬಂತು. ಬಾವಿಯಲ್ಲಿ ನೀರು ಕಡಿಮೆ ಎಂದು ಹಚ್ಚಲಿಲ್ಲ. ಆಮೇಲೆ ಮರೆತೇ ಹೋಯಿತು.

ಚೀಲ ಸುರುವಿ ಒಂದೊಂದನ್ನೇ ಬೆರಳಿನಿಂದ ಒತ್ತಿ ನೋಡಿದೆ. ಬಹಳಷ್ಟು ಹೊಟ್ಟು, ಒತ್ತಿದರೆ ಪುಡಿ. ಕೆಲವಕ್ಕೆ ಬೂಸರು ಬಂದಿತ್ತು. ಕೈಗೆ ಗಟ್ಟಿ ಹತ್ತಿದವನ್ನು ಬೇರೆ ಇಟ್ಟು ಎಣಿಸಿದರೆ 41. ತುಂಬಿದ ಚೀಲದಲ್ಲಿ ಉಳಿದದ್ದು ಅಷ್ಟೇ.

ಆಗ ಒಂದು ಮಾತು ನೆನಪಿಗೆ ಬಂತು. ಇವನ್ನು ಅಗೆದ ದಿನವೇ ಪಕ್ಕದ ಮನೆಯ ತಂಗಿ ಬಂದು ಕೇಳಿದ್ದಳು: "ಅಣ್ಣಾ, ನನಗೊಂದು ನಾಕು ಗಡ್ಡಿ ಕೊಡ್ರಿ. ಮಗಳು ಮನಿ ಮುಂದ ಹಚ್ಚಬೇಕಂತಾಳ." ನಾನು ಅಂದೆ, "ಈಗ ಬ್ಯಾಡವ್ವ, ನನಗೇ ಬೇಕಾಗ್ತಾವ. ಹೆಚ್ಚಾದ ಮ್ಯಾಲ ನೋಡೋಣು." ಆಕೆ ಏನೂ ಅನ್ನದೆ ಹೋದಳು.

ಈಗ ನನ್ನ ಮುಂದೆ ಎರಡು ಪ್ರಶ್ನೆ. ಉಳಿದವನ್ನು ಹಚ್ಚಬೇಕೋ ಬೇಡವೋ? ಒಣಗಿ ಹೋದವು ಯಾರವು?

ಮೊದಲನೆಯದಕ್ಕೆ ನಮ್ಮ ಮನೆಯವರೇ ಉತ್ತರ ಕೊಟ್ಟರು: "ಸತ್ತದ್ದಕ್ಕ ಯಾಕ ನೀರು ಹಾಕ್ತೀರಿ? ಆ ನೀರು ಬದನಿ ಗಿಡಕ್ಕಾದ್ರೂ ಹಾಕ್ರಿ." ಮಾತಿನಲ್ಲಿ ಸುಳ್ಳಿಲ್ಲ. ಬೇಸಿಗೆಯ ಒಂದು ಕೊಡ ನೀರಿನ ಬೆಲೆ ನಮಗೆ ಗೊತ್ತು. ನನ್ನ ತಪ್ಪಿನ ಸಮಾಧಾನಕ್ಕೆ ಹೊಟ್ಟನ್ನು ನೆಟ್ಟು ನೀರು ಹಾಕುವುದು ಆಶೆಯಲ್ಲ, ನೀರಿನ ದಂಡ. ಆದರೆ ತೊಗಟೆ ಒಣಗಿದ್ದರೂ ಒಳಗೆ ಗಟ್ಟಿ ಇದ್ದು ಬುಡ ಕೊಳೆಯದ ಗಡ್ಡೆಯನ್ನು, ಹಳೆಯದೆಂಬ ಒಂದೇ ಕಾರಣಕ್ಕೆ ಎಸೆಯುವುದೂ ನ್ಯಾಯವಲ್ಲ. ಹೊಟ್ಟನ್ನು ತಿಪ್ಪೆಗೆ ಹಾಕಿದೆ. ಗಟ್ಟಿಯನ್ನು ಮಣ್ಣಿಗೆ ಇಡುವುದೆಂದು ನಿಶ್ಚಯ ಮಾಡಿದೆ.

ಎರಡನೆಯ ಪ್ರಶ್ನೆ ಇಷ್ಟು ಸುಲಭವಲ್ಲ. ನನ್ನ ಹೊಲ, ನನ್ನ ಗಡ್ಡೆ, ನಾನೇ ಇಟ್ಟೆ, ನಾನೇ ಕೆಡಿಸಿದೆ. ಕೇಳುವುದಕ್ಕೆ ಇನ್ನೊಬ್ಬರು ಯಾರು ಎನ್ನಬಹುದು. ಪೆಟ್ಟಿಗೆಯಲ್ಲಿಟ್ಟ ಬೆಳ್ಳಿಯ ಮಾತಾದರೆ ಇದು ನಡೆದೀತು. ಗಡ್ಡೆ ಬೆಳ್ಳಿಯಲ್ಲ. ಅಟ್ಟದ ಮೇಲಿದ್ದರೂ ಅದು ಉಸಿರಾಡುತ್ತದೆ, ತನ್ನೊಳಗಿನ ಹಿಟ್ಟನ್ನೇ ತಿಂದು ಬದುಕಿರುತ್ತದೆ. ನೆರಳು, ಗಾಳಿ ಇರುವಲ್ಲಿ ತೆಳ್ಳಗೆ ಹರಡಿ, ಆಗಾಗ ತಿರುವಿ ಹಾಕಿದರೆ ಒಂದೆರಡು ತಿಂಗಳ ವಿಶ್ರಾಂತಿ ಅದಕ್ಕೆ ಒಳ್ಳೆಯದೇ. ಚೀಲದಲ್ಲಿ ಎರಡು ಬೇಸಿಗೆ ಅಂದರೆ ಉಪವಾಸ. ನಾನು ಕಾಯ್ದಿಟ್ಟೆ ಎಂದುಕೊಂಡ ದಿನವೆಲ್ಲ ಅದು ಸವೆಯುತ್ತಲೇ ಇತ್ತು. ತಂಗಿಗೆ ಇಲ್ಲವೆಂದ ನಾಲ್ಕು ಗಡ್ಡೆ ನನಗೂ ಉಳಿಯಲಿಲ್ಲ. ಕಳ್ಳನಿಲ್ಲದ ಕಳವು ಎಂದರೆ ಇದೇ ಇರಬೇಕು.

ಹಾಗಾದರೆ ಕೂಡಿಡುವುದೇ ತಪ್ಪೇ? ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ಇಡುತ್ತಿದ್ದರು. ಬಿತ್ತುವ ಬೀಜಕ್ಕೆ ಬೂದಿ, ಬೇವಿನೆಲೆ ಬೆರೆಸಿ ಗಡಿಗೆಯ ಬಾಯಿ ಕಟ್ಟುತ್ತಿದ್ದರು. ಹಸಿದರೂ ಅದನ್ನು ಮುಟ್ಟುತ್ತಿರಲಿಲ್ಲ. ರಷ್ಯಾದ ಲೆನಿನ್‌ಗ್ರಾಡ್ ಪಟ್ಟಣವನ್ನು 1941ರಿಂದ 1944ರವರೆಗೆ ಶತ್ರುಸೈನ್ಯ ಮುತ್ತಿದಾಗ, ಅಲ್ಲಿಯ ಬೀಜಭಂಡಾರದ ವಿಜ್ಞಾನಿಗಳಲ್ಲಿ ಹಲವರು ಅಕ್ಕಿ, ಕಾಳುಗಳ ನಡುವೆಯೇ ಹಸಿವಿನಿಂದ ಸತ್ತರು, ಬೀಜ ತಿನ್ನಲಿಲ್ಲ. ಅಂಥವರನ್ನು ಜಿಪುಣರೆನ್ನಲು ಯಾರಿಗೆ ಬಾಯಿ ಬಂದೀತು? ಆದರೆ ಅದೇ ಭಂಡಾರದವರು ಆಲೂಗಡ್ಡೆಯನ್ನು ಬೀಜದಂತೆ ಪೊಟ್ಟಣದಲ್ಲಿ ಇಟ್ಟುಕೊಂಡು ಕೂಡಲಿಲ್ಲ. ಚಳಿಗಾಲವಿಡೀ ಬೆಂಕಿ ಹಾಕಿ ಹಿಮದಿಂದ ಕಾಯ್ದು, 1942ರ ವಸಂತದಲ್ಲಿ ಮತ್ತೆ ನೆಲಕ್ಕೆ ಹಾಕಿದರು. ಗಡ್ಡೆಯನ್ನು ಉಳಿಸಲು ಬೇರೆ ದಾರಿಯೇ ಇಲ್ಲ.

ಅವರಿಗೂ ನನಗೂ ಅಂತರ ಇಲ್ಲಿದೆ. ಬೀಜದ ಗಡಿಗೆಗೆ ಬಾಯಿ ಬಿಚ್ಚುವ ಒಂದು ದಿನ ಗೊತ್ತಿತ್ತು: ಮಿರಗದ ಮಳೆ ಬಿದ್ದರೆ ಬಿಚ್ಚಲೇಬೇಕು. ನನ್ನ ಚೀಲಕ್ಕೆ ಅಂಥ ದಿನವೇ ಇರಲಿಲ್ಲ. ಬಿಚ್ಚುವ ದಿನ ಗೊತ್ತಿಲ್ಲದ ಗಂಟು ಕಾಯ್ದಿಟ್ಟದ್ದಲ್ಲ, ಹೆದರಿ ಬಚ್ಚಿಟ್ಟದ್ದು.

ಸುಗಂಧರಾಜದ ಸ್ವಭಾವವೇ ಇದನ್ನು ಹೇಳುತ್ತದೆ. ಒಂದು ಗಡ್ಡೆ ಹೂ ಬಿಡುವುದು ಒಂದೇ ಸಲ. ಮುಂದಿನ ಹೂವು ಅದರ ಸುತ್ತ ಹುಟ್ಟುವ ಮರಿಗಳದ್ದು. ಎರಡು ಮೂರು ವರ್ಷಕ್ಕೊಮ್ಮೆ ಅಗೆದು, ಬಿಡಿಸಿ, ಬೇರೆ ಕಡೆ ಹಚ್ಚದಿದ್ದರೆ ಒಂದಕ್ಕೊಂದು ಇಕ್ಕಟ್ಟಾಗಿ ಹೂವೂ ಸಣ್ಣದಾಗುತ್ತದೆ. ಹಾಗಿದ್ದಮೇಲೆ ನಾಲ್ಕು ಗಡ್ಡೆ ಹಂಚುವುದು ದಾನವಲ್ಲ, ಬೇಸಾಯವೇ. ಅಂದು ನಾನು ಕೊಟ್ಟಿದ್ದರೆ ಇವತ್ತು ಆಕೆಯ ಅಂಗಳದಲ್ಲಿ ನನ್ನ ತಳಿ ಜೀವಂತ ಇರುತ್ತಿತ್ತು. ಕೇಳಿದರೆ ಆಕೆ ಇಲ್ಲವೆನ್ನುತ್ತಿರಲಿಲ್ಲ. ನೆರೆಮನೆಯ ಅಂಗಳಕ್ಕಿಂತ ಭದ್ರವಾದ ಅಟ್ಟ ಯಾವುದು?

ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ಇನ್ನೊಂದು ಮಾತು. ನಮ್ಮ ಗಡಿಯ ಊರುಗಳಲ್ಲಿ ಕನ್ನಡ ಪುಸ್ತಕ ಸಿಗುವುದು ಕಷ್ಟ. ಅದಕ್ಕೇ ಸಿಕ್ಕವನ್ನು ಹರಿದಾವು, ಕಳೆದಾವು ಎಂದು ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತೇವೆ. ಪುಸ್ತಕ ಎರಡು ವರ್ಷಕ್ಕೆ ಒಣಗುವುದಿಲ್ಲ ನಿಜ. ಆದರೆ ಐದನೆಯ ತರಗತಿಯಲ್ಲಿ ಕಥೆ ಪುಸ್ತಕ ಕೇಳಿದ ಹುಡುಗಿ ಐದನೆಯ ತರಗತಿಯಲ್ಲೇ ಕೂತಿರುವುದಿಲ್ಲ. ಹರಿದ ಪುಸ್ತಕವನ್ನು ಅಂಟು ಹಚ್ಚಿ ಸರಿಮಾಡಬಹುದು. ಕಳೆದ ವಯಸ್ಸಿಗೆ ಯಾವ ಅಂಟು?

41ರಲ್ಲಿ 20 ಗಡ್ಡೆಗಳನ್ನು ಮೊರದಲ್ಲಿ ಹಾಕಿಕೊಂಡು ತಂಗಿಯ ಮನೆಗೆ ಹೋದೆ. ಹಳೆಯವೆಂದು ಹೇಳದೆ ಕೊಟ್ಟರೆ ಅದು ಇನ್ನೊಂದು ತಪ್ಪಾಗುತ್ತಿತ್ತು. ಎರಡು ವರ್ಷದವು, ಬಂದರೆ ಬಂದಾವು, ಅಂದು ಕೊಡದಿದ್ದದ್ದು ನನ್ನ ತಪ್ಪು ಎಂದೆ. ಆಕೆ ನಕ್ಕಳು. "ಮಗಳು ಈಗ ಹೈದರಾಬಾದಿನ್ಯಾಗ ಇರ್ತಾಳ್ರಿ ಅಣ್ಣಾ. ಬಾಡಗಿ ಮನಿ, ಮೂರನೇ ಮಾಳಗಿ. ಮಣ್ಣೇ ಇಲ್ಲಲ್ಲ." ಆದರೂ ಸೆರಗೊಡ್ಡಿ ತೆಗೆದುಕೊಂಡಳು. ಕೆಲವನ್ನು ಒಡೆದ ಬಕೀಟಿನಲ್ಲಿ ಹಚ್ಚಿ ಮಗಳಿಗೆ ಕಳಿಸುತ್ತಾಳಂತೆ.

ತಡವಾಗಿ ಕೊಟ್ಟದ್ದು ಕೊಟ್ಟ ಹಾಗೇ ಆದರೂ, ಕೇಳಿದಾಗ ಕೊಟ್ಟ ಹಾಗೆ ಆಗುವುದಿಲ್ಲ. ಅಂಗಳದಲ್ಲಿ ಹೂ ಹಚ್ಚಬೇಕೆಂದಿದ್ದ ಹುಡುಗಿಯ ಆ ಎರಡು ವರ್ಷ ನನ್ನ ಅಟ್ಟದ ಮೇಲೇ ಒಣಗಿತು. ಅದನ್ನು ತುಂಬಿಕೊಡಲು ನನ್ನ ಹತ್ತಿರ ಏನೂ ಇಲ್ಲ.

ನನ್ನ ಮಡಿಯಲ್ಲಿ 21 ಹಚ್ಚಿದೆ. ಇದನ್ನು ಬರೆಯುವ ಹೊತ್ತಿಗೆ 9 ಮೊಳೆತಿವೆ. ಹೂವಿಗೆ ಇನ್ನೂ ಮೂರು ತಿಂಗಳಾದರೂ ಬೇಕು. ಇವನ್ನು ಅಗೆಯುವ ದಿನ ಬಂದರೆ ಮೊದಲ ಬುಟ್ಟಿ ಓಣಿಯವರಿಗೆ, ಎರಡನೆಯದು ಮಡಿಗೆ. ಅಟ್ಟಕ್ಕೆ ಒಂದೂ ಇಲ್ಲ.