ಉದ್ಯಾಪನೆಯೂ ಅಂಗಡಿಯ ಮಾತೂ

ಅಂತರಘಟ್ಟೆಯ ಜಾತ್ರೆಗೆ ಸುತ್ತಣ ಊರುಗಳಿಂದ ಎತ್ತಿನ ಗಾಡಿಗಳು ಬಂದು ನೆರೆಯುವುದನ್ನು ಬಲ್ಲಿರಿ. ಜಾತ್ರೆಯ ವ್ಯಾಪಾರಿಯು ಸರಕಿನ ಗುಣವನ್ನು ಹೊಗಳಬೇಕಾಗಿಯೇ ಇಲ್ಲ. 'ನಿಮ್ಮೂರಿನವರೆಲ್ಲ ಇದನ್ನೇ ಒಯ್ದರು' ಎಂದರೆ ಸಾಕು, ಕೈ ತಾನಾಗಿ ಹಣದ ಚೀಲಕ್ಕೆ ಹೋಗುತ್ತದೆ. ಹಲವರು ತಪ್ಪು ಹೇಳಿದರೆ, ಕಣ್ಣೆದುರಿನ ಗೆರೆಯ ಉದ್ದವನ್ನೂ ಅನೇಕರು ತಪ್ಪಾಗಿಯೇ ಹೇಳುವರೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1951ರಲ್ಲಿ ತೋರಿಸಿದನು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇಂಥದನ್ನು ಲೋಕಮೂಢತೆಯೆಂದು ಕರೆದಿದ್ದಾರೆ. ಅವರ ಉದಾಹರಣೆಗಳು ನದೀಸ್ನಾನಾದಿಗಳು. ಅಂಗಡಿಗೂ ಅದು ಸಲ್ಲುವುದೆಂಬುದು ನನ್ನ ಅಭಿಪ್ರಾಯ.

ಅದು ವ್ರತದ ಮನೆಯನ್ನೂ ಹೊಕ್ಕಿದೆ. ಅನಂತವ್ರತವು 14 ವರ್ಷಗಳದು. ಉದ್ಯಾಪನೆಯಲ್ಲಿ ಒಬ್ಬರು ಸ್ಟೀಲ್ ತಟ್ಟೆ ಹಂಚಿದರೆ ಮುಂದಿನವರು ಡಬ್ಬಿಯನ್ನೇ ಹಂಚಬೇಕು! ಈ ವೆಚ್ಚಕ್ಕೆ ಅಂಜಿ ವ್ರತವನ್ನೇ ಹಿಡಿಯದ ತಾಯಂದಿರಿದ್ದಾರೆ. ಉದ್ಯಾಪನೆಗೆ ಶಕ್ತಿಯಿಲ್ಲದವರು ವ್ರತವನ್ನು ಇಮ್ಮಡಿ ಕಾಲ ಆಚರಿಸಬೇಕೆಂಬ ವಿಧಿಯುಂಟು. ಎಂದರೆ 28 ವರ್ಷ. ಅದನ್ನು ಬಡತನದ ಗುರುತೆಂದೇಕೆ ಕಾಣಬೇಕು? ಹೆಚ್ಚುವುದು ಉಪವಾಸವಲ್ಲವೇ?

ಉಳ್ಳವರಲ್ಲಿ ಒಂದು ಬಿನ್ನಹ. ಭೋಗೋಪಭೋಗ ಪರಿಮಾಣದಲ್ಲಿ ವಸ್ತ್ರಾಭರಣಗಳಿಗೆ ಮಿತಿ ಕಟ್ಟುವಂತೆ ಉದ್ಯಾಪನೆಯ ಹಂಚಿಕೆಗೂ ಮಿತಿ ಕಟ್ಟಿ, ಅದನ್ನು ಬಸದಿಯಲ್ಲಿ ಮೊದಲೇ ತಿಳಿಸಿಬಿಡಿರಿ. ಬರುವ ಭಾದ್ರಪದದಲ್ಲಿ ನೆರೆಮನೆಯಾಕೆಯೂ ವ್ರತ ಹಿಡಿದಾಳು.